ಸಾಬು ಯಾರವನು?

ಕೊಲ್ಕತ್ತಾದ ದಕ್ಷಿಣೇಶ್ವರ ಸ್ಟೇಷನ್ನಿನಲ್ಲಿ, ಎಲ್ಲೆಲ್ಲಿಂದಲೋ ಬಂದ ಜನರ ನಡುವೆ ಟ್ರೈನ್ ಕಾಯುತ್ತಾ ಹಳೇ ‘ಚಾಚಾ ಚೌಧರಿ’ ಕಾಮಿಕ್ಸೊಂದನ್ನು ಮತ್ತೆ ಓದಿದೆ. ಅದರ ಸಾಬು ನಿಮಗೆ ನೆನಪಿದ್ದಾನಾ? ಬೇರೆ ಗ್ರಹದ ಸೂಪರ್‌ಮ್ಯಾನ್ ಎಲ್ಲರಿಗೂ ಗೊತ್ತು. ಗುರುಗ್ರಹದಿಂದ ಬಂದ ಈ ದೈತ್ಯನನ್ನು ಇಂದಿನ ಮಕ್ಕಳು ಅಷ್ಟಾಗಿ ಅರಿಯರು. ನಾನು ಮರೆತಿಲ್ಲ. ಆ ಹೆಸರು ಬಂದಾಗಲೆಲ್ಲ ಕ್ಲಾಸಿನವರು ನನ್ನ ಕಡೆ ತಿರುಗಿ ನಗುತ್ತಿದ್ದರು.

ಸಾಬು ಭೂಮಿಯಲ್ಲಿ ಉಳಿದದ್ದು ಲೋಕ ಕಾಯಲಿಕ್ಕಲ್ಲ, ಚಾಚಿಯ ಕೈರುಚಿಗೆ ಮನಸೋತು. ಅವನನ್ನು ಸೃಷ್ಟಿಸಿದ ಪ್ರಾಣ್ 1938ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಕಸೂರಿನಲ್ಲಿ ಹುಟ್ಟಿದವರು. ದೇಶ ಇಬ್ಭಾಗವಾದಾಗ ಊರು ಬಿಟ್ಟು ಬಂದವರು. ಅನ್ಯನಿಗೆ ತಟ್ಟೆ ಇಡುವ ಮನೆಯೊಂದನ್ನು ಅವರು ಬರೆದದ್ದು ನನಗೆ ದೊಡ್ಡ ಸಂಗತಿ.

ಆದರೂ ಒಂದು ತಕರಾರಿದೆ. ಕಥೆಗಳಲ್ಲಿ ಬುದ್ಧಿಯೆಲ್ಲ ಚಾಚಾನದು, ತೋಳ್ಬಲ ಸಾಬುವಿನದು. ಅವನಿಗೆ ಸಿಟ್ಟು ಬಂದರೆ ಎಲ್ಲೋ ಜ್ವಾಲಾಮುಖಿ ಸಿಡಿಯುತ್ತದಂತೆ, ಬೇಸರ ಬಂದರೆ? ತವರು ನೆನಪಾದರೆ? ಹೊರಗಿನಿಂದ ಬಂದವನು ಕೆಲಸಕ್ಕೆ ಬಂದರಷ್ಟೇ ನಮ್ಮವನಾ?

ಈ ಪುಸ್ತಕ ಮಕ್ಕಳಿಗೆ ಕೊಡಿ. ಓದಿದ ಮೇಲೆ ಈ ಪ್ರಶ್ನೆಯನ್ನೂ ಕೇಳಿ ನೋಡಿ.