ಫ್ಲೇವನಾಯ್ಡುಗಳೂ ಮಧುಮೇಹವೂ: ಒಂದು ವಿಮರ್ಶೆ

ಸಸ್ಯಜನ್ಯ ಫ್ಲೇವನಾಯ್ಡುಗಳು ಮಧುಮೇಹಕ್ಕೆ ಔಷಧವಾಗಬಲ್ಲವೆಂದು ಸಾರುವ ಪ್ರಬಂಧಗಳು ಹೇರಳವಾಗಿ ಪ್ರಕಟವಾಗುತ್ತಿವೆ. ವಸ್ತು ಈರುಳ್ಳಿಯ ಕ್ವರ್ಸೆಟಿನ್ ಆಗಿರಲಿ, ಚಕ್ಕೋತದ ನರಿಂಜಿನ್ ಆಗಿರಲಿ, ಕ್ರಮ ಬಹುಮಟ್ಟಿಗೆ ಒಂದೇ: ಇಲಿಗೆ ಅಲೋಕ್ಸಾನ್ ಇಲ್ಲವೆ ಸ್ಟ್ರೆಪ್ಟೋಜೋಟೋಸಿನ್ ಚುಚ್ಚಿ ಮೇದೋಜೀರಕದ ಬೀಟಾ ಜೀವಕಣಗಳನ್ನು ನಾಶಮಾಡುವುದು, ವಸ್ತುವನ್ನು ಕುಡಿಸುವುದು, ರಕ್ತದ ಸಕ್ಕರೆ ಇಳಿಯಿತೆಂದು ಬರೆಯುವುದು. ಇಷ್ಟರಿಂದಲೇ ಔಷಧ ದೊರೆಯಿತೆಂಬ ತೀರ್ಮಾನವನ್ನು ನಾವು ಒಪ್ಪಲಾರೆವು.

ಅಲೋಕ್ಸಾನ್ ಕೊಲ್ಲುವುದು ಉತ್ಕರ್ಷಣದ ಮೂಲಕ. ಉತ್ಕರ್ಷಣನಿರೋಧಕವೊಂದನ್ನು ಮುಂಚೆಯೇ ಕೊಟ್ಟಿದ್ದರೆ ಜೀವಕಣಗಳು ಉಳಿಯಬಹುದು. ಆಗ ಕಂಡುದು ವಿಷಕ್ಕೆ ಪ್ರತಿವಿಷವೇ ಹೊರತು ಮಧುಮೇಹಕ್ಕೆ ಮದ್ದಲ್ಲ. ಪ್ರನಾಳದ ಪ್ರಯೋಗಗಳಿಗೂ ಇಂಥದೇ ತೊಡಕುಂಟು. ನುಂಗಿದ ಕ್ವರ್ಸೆಟಿನ್ ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಬಹುತೇಕ ಬೇರೆ ರೂಪ ತಾಳುತ್ತದೆ. ರಕ್ತವನ್ನು ಸೇರುವುದು ಪ್ರನಾಳದಲ್ಲಿ ಪರೀಕ್ಷಿಸಿದ ವಸ್ತುವಲ್ಲ. (ಮಧುನಾಶಿನಿಯನ್ನೂ ಈ ಗುಂಪಿಗೆ ಸೇರಿಸುವವರುಂಟು, ಅದರ ಹೆಸರುವಾಸಿಯಾದ ಜಿಮ್ನೆಮಿಕ್ ಆಮ್ಲಗಳು ಸಪೋನಿನ್‌ಗಳೆಂಬುದನ್ನು ಅವರು ಮರೆತಂತಿದೆ.)

ಈ ಕುಲದಿಂದ ನಿಜವಾಗಿ ಔಷಧಕ್ಕೆ ದಾರಿ ತೋರಿದುದು ಫ್ಲೋರಿಜಿನ್. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಬೇರ್ಪಡಿಸಿದ ಈ ಕಹಿ ವಸ್ತು ಮೂತ್ರದಲ್ಲಿ ಸಕ್ಕರೆಯನ್ನು ಹರಿಯಿಸುತ್ತದೆಂದು 1886ರಲ್ಲಿ ಫಾನ್ ಮೆರಿಂಗ್ ತೋರಿಸಿದನು. ರೋಗದ ಲಕ್ಷಣವನ್ನೇ ಉಂಟುಮಾಡುವ ವಸ್ತು ಅದಕ್ಕೆ ಮದ್ದಾದೀತೆಂದು ಆಗ ಯಾರು ತಾನೆ ನಿರೀಕ್ಷಿಸಿಯಾರು! ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನು ಸೋಸಿ, ಆರೋಗ್ಯವಂತರಲ್ಲಿ ಹೆಚ್ಚುಕಡಮೆ ಎಲ್ಲವನ್ನೂ ರಕ್ತಕ್ಕೆ ಮರಳಿಸುತ್ತವೆ. ಈ ಮರಳಿಕೆಯನ್ನೇ ಫ್ಲೋರಿಜಿನ್ ತಡೆಯುತ್ತದೆ. 1987ರಲ್ಲಿ ರೊಸೆಟ್ಟಿ ಮತ್ತು ಸಂಗಡಿಗರು ಮೇದೋಜೀರಕದ ಬಹುಭಾಗವನ್ನು ತೆಗೆದ ಇಲಿಗಳಿಗೆ ಇದನ್ನು ಕೊಟ್ಟಾಗ ರಕ್ತದ ಸಕ್ಕರೆ ಸಹಜಸ್ಥಿತಿಗೆ ಬಂದುದಲ್ಲದೆ, ಕುಂದಿದ್ದ ಇನ್ಸುಲಿನ್ ಸ್ಪಂದನವೂ ಸರಿಹೋಯಿತು.

ಆದರೂ ಫ್ಲೋರಿಜಿನ್ ಔಷಧವಾಗಲಿಲ್ಲ. ಅದರ ಸಕ್ಕರೆಯ ಭಾಗ ಆಮ್ಲಜನಕದ ಕೊಂಡಿಯಿಂದ ತಗುಲಿಕೊಂಡಿದ್ದು, ಕರುಳಿನ ಕಿಣ್ವವು ಅದನ್ನು ಕಡಿದುಹಾಕುತ್ತದೆ. ರಸಾಯನಜ್ಞರು ಆ ಭಾಗವನ್ನು ನೇರವಾಗಿ ಇಂಗಾಲಕ್ಕೆ ಬೆಸೆದು, ಮುಖ್ಯವಾಗಿ ಮೂತ್ರಪಿಂಡದ ವಾಹಕವನ್ನು ಮಾತ್ರ ತಡೆಯುವ ಅಣುಗಳನ್ನು ಕಟ್ಟಿದರು. ಅವುಗಳಲ್ಲೊಂದಾದ ಡಪಾಗ್ಲಿಫ್ಲೋಜಿನ್‌ಗೆ 2012ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಹೃದಯದ ಮೇಲೆ ಅದರ ಪರಿಣಾಮವನ್ನು ತಿಳಿಯಲು ನಡೆದ ಒಂದು ಪರೀಕ್ಷೆಯಲ್ಲಿಯೇ 17,000ಕ್ಕೂ ಮಿಕ್ಕ ಮಧುಮೇಹಿಗಳಿದ್ದರು. ಜನನಾಂಗದ ಸೋಂಕು, ಅಪರೂಪವಾಗಿ ರಕ್ತದಲ್ಲಿ ಕೀಟೋ ಆಮ್ಲಗಳ ಏರಿಕೆ ಎಂಬ ಅದರ ದೋಷಗಳೂ ಇಂದು ತಿಳಿದಿವೆ. ಕ್ವರ್ಸೆಟಿನ್ ಅಂಥ ಒರೆಗೆ ಒಳಗಾಗಿಲ್ಲ. ಹೀಗಿರಲು, ಇಲಿಯ ಮೇಲಿನ ಫಲವನ್ನು "ಮಧುಮೇಹಹರ" ಎಂಬ ಶೀರ್ಷಿಕೆಯಡಿ ಅಚ್ಚುಹಾಕಿಸುವುದು ಉಚಿತವೇ? ಅದನ್ನು ನಂಬಿ ಇನ್ಸುಲಿನ್ನನ್ನು ಬಿಟ್ಟ ಒಂದನೆಯ ಬಗೆಯ ರೋಗಿಯ ಪ್ರಾಣಕ್ಕೆ ಕೆಲವೇ ದಿನಗಳಲ್ಲಿ ಸಂಚಕಾರ ಬರುತ್ತದೆ.