ಯಾರ ಮಾತಿಗೆ ಯಾರ ನಗು

ಬ್ರಿಟಿಷ್ ಹಾಸ್ಯ ಧಾರಾವಾಹಿಗಳನ್ನು ನಾನು ಅಭ್ಯಾಸ ಮಾಡಿ ನೋಡಿದವನಲ್ಲ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಸಿಕ್ಕಿದ್ದನ್ನು ಸಿಕ್ಕ ಹಾಗೆ ನೋಡಿದವನು. ಮಾತು ಅರ್ಥವಾಗದ ಕಡೆ ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿದವನು. ಹೀಗೆ ನೋಡುತ್ತ ಹೋದಾಗ ಒಂದು ವಿಷಯ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವರ ಒಳ್ಳೆಯ ಧಾರಾವಾಹಿಗಳಲ್ಲಿ ಅತಿ ಶುದ್ಧವಾದ ಇಂಗ್ಲಿಷ್ ಆಡುವವನೇ ನಗೆಪಾಟಲಾಗುತ್ತಾನೆ. ನಮ್ಮ ಟೀವಿಯಲ್ಲಿ ನಗೆಪಾಟಲಾಗುವುದು ಹೂವಿನ ಹಿಪ್ಪರಗಿಯಲ್ಲಿ ನಾವು ಆಡುವಂಥ ಕನ್ನಡ.

‘ಯೆಸ್ ಮಿನಿಸ್ಟರ್’ ತೆಗೆದುಕೊಳ್ಳಿ. ಆಂಟನಿ ಜೇ ಮತ್ತು ಜೊನಾಥನ್ ಲಿನ್ ಬರೆದ ಈ ಧಾರಾವಾಹಿ ಬಿಬಿಸಿಯಲ್ಲಿ ಶುರುವಾದದ್ದು 1980ರಲ್ಲಿ. ಮಂತ್ರಿ ಜಿಮ್ ಹ್ಯಾಕರ್, ಅವನ ಕಾರ್ಯದರ್ಶಿ ಸರ್ ಹಂಫ್ರಿ. ಹೌದೋ ಅಲ್ಲವೋ ಅಂತ ಕೇಳಿದರೆ ಹಂಫ್ರಿ ಅರ್ಧ ನಿಮಿಷದ ಒಂದೇ ವಾಕ್ಯ ಹೇಳುತ್ತಾನೆ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ, ಉಚ್ಚಾರ ಸ್ವಚ್ಛ, ಅರ್ಥ ಮಾತ್ರ ಕೈಗೆ ಸಿಗುವುದಿಲ್ಲ. ಮಂತ್ರಿಯ ನಿರ್ಧಾರವನ್ನು ‘ಧೈರ್ಯದ್ದು’ ಎಂದು ಅವನು ಹೊಗಳಿದರೆ ಮಂತ್ರಿಯ ಮುಖ ಬಿಳಿಚಿಕೊಳ್ಳುತ್ತದೆ. ಅದರ ಅರ್ಥ ಚುನಾವಣೆ ಸೋಲುತ್ತೀರಿ ಅಂತ. ಒಂದು ಕಂತಿನಲ್ಲಿ ಹೊಸ ಆಸ್ಪತ್ರೆ ಇದೆ. ಐದುನೂರಕ್ಕೂ ಹೆಚ್ಚು ನೌಕರರಿದ್ದಾರೆ, ರೋಗಿ ಒಬ್ಬನೂ ಇಲ್ಲ. ರೋಗಿಗಳಿಲ್ಲದ್ದರಿಂದಲೇ ಅದು ಅಷ್ಟು ಚೊಕ್ಕವಾಗಿ ನಡೆಯುತ್ತಿದೆ ಎಂದು ಅಧಿಕಾರಿಗಳು ಸ್ವಲ್ಪವೂ ನಗದೆ ವಾದಿಸುತ್ತಾರೆ. ನಾನು ನಕ್ಕು ಮುಗಿಸಿದ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ತಾಲ್ಲೂಕು ಕಚೇರಿಗೆ ಹೊಲದ ಉತಾರಕ್ಕಾಗಿ ಮೂರು ಸಲ ಅಡ್ಡಾಡಿದ ಯಾರಿಗಾದರೂ ಈ ತರ್ಕ ಹೊಸದಲ್ಲ.

ಕನ್ನಡಕ್ಕೆ ಈ ಬಗೆಯ ವಿಡಂಬನೆ ಬರುವುದಿಲ್ಲ ಅಂತೇನಲ್ಲ. ರಾಶಿಯವರ ‘ಕೊರವಂಜಿ’ 1942ರಲ್ಲೇ ಹುಟ್ಟಿತು. ‘ಯೆಸ್ ಮಿನಿಸ್ಟರ್’ ಶುರುವಾದ ವರ್ಷವೇ ‘ಲಂಕೇಶ್ ಪತ್ರಿಕೆ’ಯೂ ಶುರುವಾಗಿ, ಅಧಿಕಾರದಲ್ಲಿದ್ದ ಗುಂಡೂರಾಯರನ್ನು ವಾರವಾರ ಕಾಡಿತು. ಅಚ್ಚಿನಲ್ಲಿ ಅಷ್ಟು ಹರಿತವಾಗಿದ್ದದ್ದು ಟೀವಿಗೆ ಬರುವಾಗ ಎಲ್ಲಿ ಬಿದ್ದುಹೋಯಿತೋ. ‘ಪಾಪ ಪಾಂಡು’ ನೋಡಿ ನಮ್ಮ ಮನೆಯವರೆಲ್ಲ ನಕ್ಕಿದ್ದೇವೆ, ಈಗಲೂ ನಗುತ್ತೇವೆ. ಆದರೆ ಅದು ಗಂಡ ಹೆಂಡಿರ ಮನೆಯೊಳಗಿನ ನಗು, ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಹಿಂದಿಯವರು 2001ರಲ್ಲಿ ಫಾರೂಖ್ ಶೇಖ್ ಅವರನ್ನು ಹಾಕಿಕೊಂಡು ‘ಜೀ ಮಂತ್ರೀಜಿ’ಯನ್ನಾದರೂ ಮಾಡಿದರು.

ಮನೆಯೊಳಗೇ ಇದ್ದರೆ ಇರಲಿ, ಆದರೆ ಆ ಮನೆಯಲ್ಲಿ ನಮ್ಮ ಮಾತಿನವರಿಗೆ ಸಿಗುವ ಕೆಲಸವಾದರೂ ಏನು? ಅಡುಗೆಯವನು, ವಾಚ್‌ಮನ್, ಊರಿಂದ ಬಂದ ಪೆದ್ದ ಅಳಿಯ, ಇಲ್ಲವೇ ಮಚ್ಚು ಹಿಡಿದ ರೌಡಿ. ಡಾಕ್ಟರು, ಡೀಸಿ, ಮೇಷ್ಟ್ರು ಮಾತ್ರ ಬೆಂಗಳೂರು ಮೈಸೂರಿನ ಕನ್ನಡ ಆಡುತ್ತಾರೆ. ಹೋಗಲಿ, ಆಡಿಸುವ ಮಾತಾದರೂ ನೆಟ್ಟಗಿದೆಯೇ? ಬೆಂಗಳೂರಿನ ವಾಕ್ಯಕ್ಕೆ ಬಾಲದಂತೆ ಒಂದು ‘ರೀ’ ಅಂಟಿಸಿದರೆ ವಿಜಯಪುರದ ಕನ್ನಡವಾಯಿತು ಎಂದು ಬರೆಯುವವರು ತಿಳಿದಿದ್ದಾರೆ. ಒಬ್ಬ ಕಲಾವಿದ ಒಂದೇ ಉಸಿರಿನಲ್ಲಿ ‘ಲೇ’ಯನ್ನೂ ‘ರೀ’ಯನ್ನೂ ಒಬ್ಬನಿಗೇ ಹೇಳಿದ್ದನ್ನು ಕೇಳಿದ್ದೇನೆ. ನಮ್ಮಲ್ಲಿ ‘ರೀ’ ಅಂದರೆ ಮರ್ಯಾದೆ. ಲೇ ಅಂದವನಿಗೆ ರೀ ಅನ್ನುವುದಿಲ್ಲ. ಇಡೀ ಸಭಾಂಗಣ ನಕ್ಕಿತು. ನಕ್ಕದ್ದು ಜೋಕಿಗಲ್ಲ, ಧಾಟಿಗೆ. ಹಾಸ್ಟೆಲಿಗೆ ಹೋದ ನಮ್ಮ ಹುಡುಗರು ಮೊದಲ ತಿಂಗಳಲ್ಲೇ ‘ಐತಿ’ ಬಿಟ್ಟು ‘ಇದೆ’ ಕಲಿಯುವುದು ಈ ನಗುವಿಗೆ ಹೆದರಿ.

ಇದರರ್ಥ ಬ್ರಿಟಿಷರು ಸಾಚಾ ಎಂದಲ್ಲ. 1977ರ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಪೂರ್ತಿ ನಿಂತಿರುವುದೇ ಹೊರದೇಶದವರ ಹರಕು ಇಂಗ್ಲಿಷಿನ ಮೇಲೆ. ಅದರಲ್ಲಿ ನಮ್ಮ ದೇಶದವರೂ ಇದ್ದಾರೆ. ನನಗೆ ಎರಡು ಕಂತಿಗೇ ಸಾಕಾಯಿತು. ‘ಫಾಲ್ಟಿ ಟವರ್ಸ್’ (1975 ಮತ್ತು 1979, ಒಟ್ಟು ಹನ್ನೆರಡೇ ಕಂತು) ಸ್ವಲ್ಪ ತೊಡಕಿನದು. ಹೋಟೆಲಿನ ಮಾಣಿ ಮ್ಯಾನುಯೆಲ್ ಸ್ಪೇನಿನವನು, ಇಂಗ್ಲಿಷ್ ಬಾರದೆ ಮಾಲೀಕ ಬೇಸಿಲ್‌ನಿಂದ ತಲೆಗೆ ಏಟು ತಿನ್ನುತ್ತಾನೆ. ಆದರೂ ಕಂತಿನ ಕೊನೆಗೆ ಮಾನ ಕಳೆದುಕೊಳ್ಳುವವನು ದೊಡ್ಡಸ್ತಿಕೆಗೆ ಹಾತೊರೆಯುವ ಬೇಸಿಲ್. ಈ ಸಮಾಧಾನ ಸ್ಪೇನಿನವರಿಗೆ ಸಾಕಾಗಲಿಲ್ಲ. ಅವರ ಭಾಷೆಗೆ ಡಬ್ ಮಾಡುವಾಗ ಮ್ಯಾನುಯೆಲ್‌ನನ್ನು ಇಟಲಿಯವನನ್ನಾಗಿ ಮಾಡಿದರು. ಬಾರ್ಸಿಲೋನಾದ ಕಟಲಾನ್ ಡಬ್ಬಿಂಗಿನಲ್ಲಿ ಅವನು ಮೆಕ್ಸಿಕೋದವನಾದ. ಪೆದ್ದ ನಮ್ಮೂರಿನವನಾಗಬಾರದು, ಪಕ್ಕದೂರಿನವನಾಗಲಿ! ನಮಗೆ ಆ ಸೌಕರ್ಯ ಇಲ್ಲ, ಧಾರಾವಾಹಿ ನಮ್ಮ ಭಾಷೆಯಲ್ಲೇ ಬರುತ್ತದೆ.

ಇದಕ್ಕೆ ಉತ್ತರ ಕೊಟ್ಟವರು ಅಲ್ಲಿ ನೆಲೆಸಿದ ನಮ್ಮವರೇ. 1998ರ ‘ಗುಡ್‌ನೆಸ್ ಗ್ರೇಷಿಯಸ್ ಮಿ’ಯಲ್ಲಿ ಒಂದು ಸಣ್ಣ ಪ್ರಹಸನವಿದೆ: ಕುಡಿದ ಭಾರತೀಯರ ಗುಂಪೊಂದು ಬಾಂಬೆಯಲ್ಲಿ ‘ಇಂಗ್ಲಿಷ್ ಊಟ’ಕ್ಕೆ ಹೋಗಿ, ಮಾಣಿಯ ಹೆಸರನ್ನು ಕೆಡಿಸಿ ಕರೆದು, ಇದ್ದುದರಲ್ಲಿ ಅತ್ಯಂತ ಸಪ್ಪೆಯದು ಯಾವುದು ಎಂದು ಕೇಳುತ್ತದೆ. ಲಂಡನ್ನಿನ ಇಂಡಿಯನ್ ಹೋಟೆಲುಗಳಲ್ಲಿ ಅವರು ಅನುಭವಿಸಿದ್ದನ್ನೇ ತಿರುವಿ ಹಾಕಿದ್ದು, ಅಷ್ಟೇ. ಗಂಗಾವತಿ ಪ್ರಾಣೇಶರು ವೇದಿಕೆಯಲ್ಲಿ ನಮ್ಮ ಮಾತಾಡುವಾಗ ನನಗೆ ಮುಜುಗರವಾಗದ್ದಕ್ಕೂ ಕಾರಣ ಇದೇ ಇರಬೇಕು. ಅಲ್ಲಿ ಆ ಮಾತು ನಗಿಸುವವನದು, ನಗೆಗೀಡಾಗುವವನದಲ್ಲ.

ಇನ್ನೂ ಹಿಂದೆ ಹೋದರೆ ಶ್ರೀಕೃಷ್ಣ ಪಾರಿಜಾತವಿದೆ. ಸತ್ಯಭಾಮೆ ರಾಗವಾಗಿ, ದೊಡ್ಡ ದೊಡ್ಡ ಪದಗಳಲ್ಲಿ ತನ್ನ ಬಿಂಕ ಹಾಡುತ್ತಾಳೆ. ಜೊತೆಗಿರುವ ದೂತಿ ಅದನ್ನು ನಮ್ಮ ಆಡುಮಾತಿಗೆ ಇಳಿಸಿ ಕೆಣಕುತ್ತಾಳೆ. ದೇವರ ಮನೆಯ ಜಗಳವೂ ಓಣಿಯ ಜಗಳವಾಗುತ್ತದೆ, ಜನ ಬೆಳತನಕ ಕೂತು ನಗುತ್ತಾರೆ. ಅಲ್ಲಿ ಇದೇ ಧಾಟಿ ದೊಡ್ಡವರ ಮಾತಿನ ಗಾಳಿ ಬಿಡಿಸುತ್ತದೆ. ಧಾರಾವಾಹಿ ಬರೆಯುವವರು ಒಮ್ಮೆ ಈ ದೂತಿಯನ್ನು ಕಚೇರಿಯ ಬಾಗಿಲಿಗೆ ಕಳಿಸಿ ನೋಡಬೇಕು. ಒಳಗೆ ಕನ್ನಡದ ಹಂಫ್ರಿಯೊಬ್ಬ ನಿಯಮ, ಉಪನಿಯಮ, ಪರಿಶೀಲನೆ, ಮೇಲಧಿಕಾರಿಗಳ ಅವಗಾಹನೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಲಿ. ಅವಳು ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು ಕೇಳಲಿ: “ಭಾಳ ಚಂದ ಹೇಳಿದ್ರಿ ಸಾಹೇಬ್ರ. ಅಂದ್ರ ಉತಾರ ಇವತ್ತೂ ಸಿಗಂಗಿಲ್ಲ, ಹೌದಲ್ರಿ?”