ಕಾಯಿದೆಯ ಒಂದು ವಾಕ್ಯ

ಅಂಕಲಗಿಯ ಕಡೆ ಹುಚ್ಚಾಟ ಆಡುವವನನ್ನು ಕಂಡು ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂದು ಚೇಷ್ಟೆ ಮಾಡುವುದುಂಟು. 1845ರಲ್ಲಿ ಆರಂಭವಾದ ಅಲ್ಲಿಯ ಮಾನಸಿಕ ಆಸ್ಪತ್ರೆ ಹೀಗೆ ಬೈಗಳಾಯಿತು. ಆದರೆ ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ಬುದ್ಧಿ ಕದಡಿದ ಬಂದಿಗೆ ಚಿಕಿತ್ಸೆ ದೊರೆಯುವಲ್ಲಿಗೆ ಹೋಗುವುದು ಹಕ್ಕು. ಆ ಹಕ್ಕನ್ನು ಬರೆದ ಗದ್ಯವನ್ನು ಪರೀಕ್ಷಿಸುವುದೂ ವಿಮರ್ಶಕನ ಕೆಲಸವೆಂದು ನಾನು ತಿಳಿಯುತ್ತೇನೆ.

1912ರ ಕಾಯಿದೆ ಇಂಥವನನ್ನು ‘ಲ್ಯುನಾಟಿಕ್’ ಎಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ‘ಮಾನಸಿಕ ಅಸ್ವಸ್ಥತೆಯುಳ್ಳ ಬಂದಿ’ ಎನ್ನುತ್ತದೆ. ಉಚಿತ ಕಾನೂನು ನೆರವಿನ ಹಕ್ಕನ್ನೂ ಕೊಡುತ್ತದೆ. ಮಾತು ಸಭ್ಯವಾಯಿತು, ಸಂತೋಷ. ಆದರೆ 103ನೆಯ ಕಲಮು ನೋಡಿರಿ: ಸೆರೆಮನೆಯ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ, ಅಂಥ ಬಂದಿ ಅಲ್ಲಿ ಯಾರೂ ಇಲ್ಲವೆಂದು ಪ್ರಮಾಣೀಕರಿಸಿ ಮಂಡಳಿಗೆ ವರದಿ ಕಳಿಸತಕ್ಕದ್ದು. ಉತ್ತರವನ್ನು ಮೊದಲೇ ಬರೆದಿಟ್ಟು ಪ್ರಶ್ನೆ ಕೇಳಿದಂತಾಯಿತು! ಒಬ್ಬನಿದ್ದರೆ ಏನು ಬರೆಯಬೇಕು? ಮಂಡಳಿ ಬಂದು ಕಾರಣ ಕೇಳಬಹುದು, ನಿಜ, ಕೇಳಲೇಬೇಕೆಂದಿಲ್ಲ.

ಇದು ಬರಿಯ ವ್ಯಾಕರಣದ ಜಗಳವಲ್ಲ. ಆಗ ಬಿಹಾರದಲ್ಲಿದ್ದ ಹಜಾರಿಬಾಗ ಸೆರೆಮನೆಯಲ್ಲಿ, ಬುದ್ಧಿ ತಿಳಿಯಾದ ಮೇಲೂ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಸಂಗತಿ 1982ರಲ್ಲಿ ವೀಣಾ ಸೇಠಿ ಮೊಕದ್ದಮೆಯಿಂದ ಸುಪ್ರೀಂ ಕೋರ್ಟಿನ ಮುಂದೆ ಬಂತು, ಅವರ ಬಿಡುಗಡೆಯಾಯಿತು. ಅಲ್ಲಿಯವರೆಗೆ ಅವರ ದಿನಗಳನ್ನು ಎಣಿಸಿದವರಿರಲಿಲ್ಲ.

ಆ ವಾಕ್ಯವನ್ನು ಹೀಗೆ ತಿದ್ದಬೇಕೆಂದು ನನ್ನ ಸೂಚನೆ: ಯಾರಿದ್ದಾರೆ, ಎಂದಿನಿಂದ ಇದ್ದಾರೆ, ಇನ್ನೂ ಏಕೆ ಕಳಿಸಿಲ್ಲ, ಅವರ ವಕೀಲರಾರು ಎಂಬುದನ್ನು ವೈದ್ಯಾಧಿಕಾರಿ ಬರೆಯತಕ್ಕದ್ದು. ಯಾರೂ ಇಲ್ಲದಿದ್ದರೆ ಇಲ್ಲವೆಂದು ಬರೆಯಲಿ. ಅದನ್ನು ಮೊದಲೇ ಹೇಳಿಕೊಡುವುದು ಬೇಡ.